ಗದ್ದಲದ ನಡುವೆ ಎಫ್.ಎಂ.

ಗುಡುಗು ಮಿಂಚಿನ ಸಂಜೆ ಮಧ್ಯಮ ತರಂಗದಲ್ಲಿ ರೇಡಿಯೊ ಹಾಕಿದರೆ ವಾರ್ತೆಗಿಂತ ಚಟಪಟ ಸದ್ದೇ ಜಾಸ್ತಿ. ಪಕ್ಕದ ಮನೆಯ ಮಿಕ್ಸಿಯೂ ಅದಕ್ಕೆ ದನಿಗೂಡಿಸುತ್ತದೆ. ಅದೇ ಪೆಟ್ಟಿಗೆಯನ್ನು ಎಫ್.ಎಂ.ಗೆ ತಿರುಗಿಸಿದರೆ ಗದ್ದಲ ಮಾಯ. ಎಫ್.ಎಂ. ಬಳಸುವ ಎತ್ತರದ ಆವೃತ್ತಿಗಳಲ್ಲಿ ಮಿಂಚಿನ ಹಾವಳಿ ಕಡಿಮೆ, ನಿಜ. ಆದರೆ ಅದೊಂದೇ ಕಾರಣವಲ್ಲ.

ಎ.ಎಂ. ಪ್ರಸಾರದಲ್ಲಿ ಮಾತು ಅಲೆಯ ಎತ್ತರದ ಏರಿಳಿತದಲ್ಲಿ ಅಡಗಿರುತ್ತದೆ. ಮಿಂಚು, ಮೋಟಾರಿನ ಕಿಡಿ ಕೆಡಿಸುವುದೂ ಆ ಎತ್ತರವನ್ನೇ. ಎಫ್.ಎಂ.ನಲ್ಲಿ ಎತ್ತರ ಒಂದೇ ಸಮ; ಮಾತಿಗೆ ತಕ್ಕಂತೆ ಬದಲಾಗುವುದು ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಆದ್ದರಿಂದ ಗ್ರಾಹಕದಲ್ಲಿರುವ ಲಿಮಿಟರ್ ಎಂಬ ಮಂಡಲ, ಬೇಲಿಗಿಡ ಸವರಿದಂತೆ ಅಲೆಯ ತಲೆಯನ್ನು ಸಮನಾಗಿ ಕತ್ತರಿಸುತ್ತದೆ. ತಲೆಯೇರಿ ಕುಳಿತ ಗದ್ದಲವೂ ಜೊತೆಗೆ ಹೋಗುತ್ತದೆ.

ಇಷ್ಟಕ್ಕೇ ನಿಲ್ಲುವ ಪುಸ್ತಕಗಳು ಅರ್ಧ ಕಥೆ ಹೇಳಿದಂತೆ. ಗದ್ದಲ ಅಲೆಯನ್ನು ಹಿಂದೆ ಮುಂದೆಯೂ ನೂಕುತ್ತದೆ; ಅದನ್ನು ಲಿಮಿಟರ್ ಸವರಲಾರದು. ಕಾಗದದ ಮೇಲೆ ಎರಡು ಅಂಗುಲದ ಬಾಣವೊಂದನ್ನು ಬರೆಯಿರಿ. ಅದು ಸಂಕೇತ. ಅದರ ತುದಿಗೆ ಒಂದು ಅಂಗುಲದ ಬಾಣವನ್ನು ಯಾವ ದಿಕ್ಕಿಗಾದರೂ ಜೋಡಿಸಿ. ಅದು ಗದ್ದಲ. ಮೊದಲ ಬಾಣದ ಬುಡದಿಂದ ಎರಡನೆಯದರ ತುದಿಗೆ ಗೆರೆ ಎಳೆದರೆ, ಅದು 30 ಡಿಗ್ರಿಗಿಂತ ಹೆಚ್ಚು ವಾಲುವುದೇ ಇಲ್ಲ. ಏಕೆಂದು ಸೈನ್ ಕೋಷ್ಟಕ ಹೇಳುತ್ತದೆ.

ಇನ್ನು ಮಾತಿನ ಪಾಲು. ಎಫ್.ಎಂ. ಕೇಂದ್ರ ತನ್ನ ಆವೃತ್ತಿಯನ್ನು ಎರಡೂ ಬದಿಗೆ 75 ಕಿಲೋಹರ್ಟ್ಸ್‌ವರೆಗೆ ತೂಗುತ್ತದೆ. 1 ಕಿಲೋಹರ್ಟ್ಸ್‌ನ ಸ್ವರಕ್ಕೆ ಪೂರ್ತಿ ತೂಗಿದರೆ ಸಂಕೇತದ ಬಾಣ ಒಂದೊಂದು ಬದಿಗೂ 75 ರೇಡಿಯನ್, ಅಂದರೆ ಹೆಚ್ಚುಕಡಿಮೆ 12 ಸುತ್ತು ಹೊರಳುತ್ತದೆ. ಅದರ ಮುಂದೆ 30 ಡಿಗ್ರಿ ಯಾವ ಲೆಕ್ಕ?

ಇದನ್ನು ಮಾಡಿ ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಎಡ್ವಿನ್ ಆರ್ಮ್‌ಸ್ಟ್ರಾಂಗ್. ಆವೃತ್ತಿಯ ಪಟ್ಟಿ ಕಿರಿದಾದಷ್ಟೂ ಗದ್ದಲ ಕಡಿಮೆ ಎಂದು ಎಂಜಿನಿಯರುಗಳು ನಂಬಿದ್ದ ಕಾಲದಲ್ಲಿ ಇವರು ಪಟ್ಟಿಯನ್ನು ಅಗಲ ಮಾಡಿದರು. 1933ರಲ್ಲಿ ಪೇಟೆಂಟ್ ಸಿಕ್ಕಿತು. 1935ರ ನವೆಂಬರಿನಲ್ಲಿ ರೇಡಿಯೊ ಎಂಜಿನಿಯರುಗಳ ಸಭೆಯಲ್ಲಿ ಪ್ರದರ್ಶನ. ಯಾಂಕರ್ಸ್‌ನ ಗೆಳೆಯರೊಬ್ಬರ ಮನೆಯಿಂದ ಪ್ರಸಾರ. ಲೋಟಕ್ಕೆ ನೀರು ಸುರಿದದ್ದು, ಕಾಗದ ಮುದುರಿದ್ದು ಸಹ ಸಭೆಗೆ ಸ್ಪಷ್ಟವಾಗಿ ಕೇಳಿಸಿತು. ಮುಂದಿನದು ದುಃಖದ ಕಥೆ. 1945ರಲ್ಲಿ ಅಮೆರಿಕದ ಆಡಳಿತ ಎಫ್.ಎಂ.ಅನ್ನು ಬೇರೆ ಆವೃತ್ತಿಗಳಿಗೆ ಸರಿಸಿತು. ಜನ ಕೊಂಡಿದ್ದ ಪೆಟ್ಟಿಗೆಗಳು ಮೂಲೆ ಸೇರಿದವು. ಪೇಟೆಂಟ್ ವ್ಯಾಜ್ಯಗಳು ಆರ್ಮ್‌ಸ್ಟ್ರಾಂಗರ ಹಣ, ನೆಮ್ಮದಿ ಎರಡನ್ನೂ ತಿಂದುಹಾಕಿದವು. 1954ರಲ್ಲಿ ಅವರು ಸೋತೆನೆಂದುಕೊಂಡೇ ತೀರಿಹೋದರು. ಪತ್ನಿ ಮರಿಯನ್ ಹಟ ಬಿಡಲಿಲ್ಲ. 1967ರ ಹೊತ್ತಿಗೆ ಕೊನೆಯ ಮೊಕದ್ದಮೆಯನ್ನೂ ಗೆದ್ದರು.

ಆದರೆ ಅಗಲಕ್ಕೂ ಬೆಲೆ ಉಂಟು. ಮಧ್ಯಮ ತರಂಗದ ಕೇಂದ್ರಕ್ಕೆ 9 ಕಿಲೋಹರ್ಟ್ಸ್ ಜಾಗ ಸಾಕಾದರೆ ಎಫ್.ಎಂ.ಗೆ ಸುಮಾರು 180 ಬೇಕು. ಬಾಗಿಲು ಅಗಲವಾದಷ್ಟೂ ಒಳಬರುವ ಗದ್ದಲವೂ ಹೆಚ್ಚು. ಕೇಂದ್ರದಿಂದ ದೂರ ಹೋದಂತೆ ಸಂಕೇತ ಕ್ಷೀಣಿಸಿ, ಗದ್ದಲದ ಬಾಣವೇ ಉದ್ದವಾದರೆ? ಕಾಗದದಲ್ಲೇ ಬರೆದು ನೋಡಿ: ಗೆರೆ ಈಗ ಬುಡದ ಸುತ್ತ ಪೂರ್ತಿ ತಿರುಗಬಲ್ಲದು. ಅಂಥ ಒಂದೊಂದು ಸುತ್ತಿಗೂ ಒಂದೊಂದು ‘ಟಪ್’. ಪ್ರಯಾಣದಲ್ಲಿ ಎ.ಎಂ. ನಿಧಾನವಾಗಿ ಮಾಸಿದರೆ, ಎಫ್.ಎಂ. ಚೆನ್ನಾಗಿ ಹಾಡುತ್ತಲೇ ಇದ್ದು ಥಟ್ಟನೆ ಗದ್ದಲದಲ್ಲಿ ಮುಳುಗುವುದು ಹೀಗೆ.

1960ರ ಆಗಸ್ಟಿನಲ್ಲಿ ಅಮೆರಿಕ ‘ಎಕೊ’ ಎಂಬ 30 ಮೀಟರ್ ಬಲೂನನ್ನು ಕಕ್ಷೆಗೆ ಏರಿಸಿದಾಗ ಈ ತೊಡಕೇ ಎದುರಾಯಿತು. ಬಲೂನಿಗೆ ಬಡಿದು ಮರಳುವ ಅಲೆ ತೀರಾ ಕ್ಷೀಣ. ಹಾಲ್ಮ್‌ಡೆಲ್‌ನ ಬೆಲ್ ಪ್ರಯೋಗಾಲಯದವರು ಗ್ರಾಹಕದ ಒಳಗಿನ ಆಂದೋಲಕವನ್ನು, ಬಂದ ಸಂಕೇತದ ಬೆನ್ನಿಗೇ ಓಡುವಂತೆ ಮಾಡಿದರು. ಸಂಕೇತ ಹೊರಳಿದತ್ತ ಬಾಗಿಲೂ ಸರಿಯುವುದರಿಂದ ಕಿರಿದಾದ ಬಾಗಿಲು ಸಾಕಾಯಿತು. ಗದ್ದಲ ಹೊರಗೇ ಉಳಿಯಿತು. ಈ ಉಪಾಯ ಹೊಸದೇನಲ್ಲ. ಅದೇ ಸಂಸ್ಥೆಯ ಜೆ. ಜಿ. ಚಾಫಿ ಅದನ್ನು 1930ರ ದಶಕದಲ್ಲೇ ಹೊಳೆಯಿಸಿಕೊಂಡಿದ್ದರು.