ಬಾಣಂತಿ ರೂಮ್‌ಗ ಕೆಂಡ ಬ್ಯಾಡ ಕನ್ರವ್ವ

ಅವ್ವದೀರಾ, ಅಕ್ಕದೀರಾ, ಬೈಕಬ್ಯಾಡಿ. ಮಗಳ ಬಾಣಂತನಕ್ಕ ಅಂತ ಟೊರಾಂಟೊಗ ಹೋಗಿ ಒಂದ್ ಚಳಿಗಾಲ ಪೂರ್ತಿ ಕಳ್ದು ಬಂದಿವ್ನಿ. ನೀವು ಹೇಳ್ಕೊಟ್ಟಿದ್ದನ್ನೇ ಈಗ ಬ್ಯಾಡ ಅಂತಿವ್ನಿ.

ಚಳಿ ಅಂದ್ರ ನಮಗ ಗೊತ್ತಿರದು ಬಿಳಿಗಿರಿರಂಗನ ಬೆಟ್ಟದ ಚಳಿ. ಬೆಳಗ್ಗ ಮೈ ನಡುಗ್ತದ, ಬಿಸ್ಲು ಬಂದ್ರ ಸ್ವೆಟರ್ ತಗದು ಹಾಕ್ತೀವಿ. ಅಲ್ಲಿ ಹಂಗಲ್ಲ. ನವೆಂಬರ್ ಮೊದಲ ಭಾನುವಾರ ಗಡಿಯಾರನೇ ಒಂದ್ ಗಂಟೆ ಹಿಂದಕ್ಕ ತಿರುಗುಸ್ತಾರ. ಡಿಸೆಂಬರಲ್ಲಿ ಸಾಯಂಕಾಲ ಐದು ಗಂಟೆಗ ಮುಂಚೇನೆ ಸೂರ್ಯ ಮುಳುಗ್ತಾನ. ಜನವರಿಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗ ಹೋದ್ರೂ ಅದು ಯಾರಿಗೂ ದೊಡ್ಡ ಸುದ್ದಿ ಅಲ್ಲ.

ಹಸಿ ಬಾಣಂತಿ, ಮೈ ಬೆಚ್ಚಗಿರ್ಲಿ, ಮಗುಗ ಸಾಂಬ್ರಾಣಿ ಹೊಗೆ ಕೊಡಾವ ಅಂತ ಇದ್ದಲು ತರ್ಸಿ, ಹಳೆ ಬಾಂಡ್ಲೀಲಿ ಕೆಂಡ ಮಾಡಿ ರೂಮ್‌ಲಿ ಇಟ್ಟು ಬಾಗ್ಲು ಹಾಕ್ದೆ. ಮಗಳು ತಲೆನೋವು ಅಂತಿದ್ಲು. ನಿದ್ದೆಗೆಟ್ಟಿದ್ಕ ಅನ್ಕಂಡೆ. ಅಷ್ಟೊತ್ಗ ಗೋಡೆ ಮ್ಯಾಲಿದ್ದ ಡಬ್ಬಿ ಕಿರುಚ್ಕೊಳ್ಳಕ ಶುರು ಮಾಡ್ತು. ಹೊಗೆಗ ಕಿರುಚ್ತದ ಅಂತ ನಾನು ಟವಲ್ ಬೀಸ್ತಾ ನಿಂತೆ. ಅಳಿಯ ಓಡ್ಬಂದು, "ಅತ್ತೆ, ಅದು ಹೊಗೆಗಲ್ಲ, ಕಾರ್ಬನ್ ಮೊನಾಕ್ಸೈಡ್‌ಗ. ಮೊದ್ಲು ಆಚ್ಗ ನಡೀರಿ" ಅಂದು ಮಗುವ ಎತ್ಕಂಡ್ರು. ಹಿಮ ಬೀಳ್ತಾ ಅದ. ಕಾರಲ್ಲಿ ಕಂಬ್ಳಿ ಸುತ್ಕಂಡು ಕುಂತು, ಮಗುಗ ಉಸಿರಾಡ್ತದಾ ಅಂತ ಮೂಗಿನ್ ಹತ್ರ ಬೆರಳಿಟ್ಟು ನೋಡ್ತಾನೇ ಇದ್ದೆ.

ಆ ಗಾಳಿಗ ಬಣ್ಣ ಇಲ್ಲ, ವಾಸ್ನ ಇಲ್ಲ. ಹೊಗೆ ನಿಂತು ಕೆಂಡ ಚೆಂದಾಗಿ ನಿಗಿನಿಗಿ ಅಂತಿದ್ರೂ ಅದು ಬತ್ತಾನೇ ಇರ್ತದ. ರಕ್ತದಲ್ಲಿ ಆಮ್ಲಜನಕ ಕೂರೊ ಜಾಗದಲ್ಲಿ ತಾನು ಕುಂತ್ಕತದ. ಒಂಟಾರಿಯೊ ಸೀಮೆಲಿ ಗ್ಯಾಸ್ ಫರ್ನೇಸ್ ಇರೊ ಮನಗ ಆ ಡಬ್ಬಿ ಹಾಕ್ಲೇಬೇಕು ಅಂತ 2014ರಿಂದ ಕಾನೂನು ಅದ. ಅದ್ರಿಂದ ಬದುಕ್ಕಂಡೊ.

ನಮ್ಮಜ್ಜಿ ಕಾಲದಲ್ಲಿ ಏನೂ ಆಗ್ನಿಲ್ವಲ್ಲ ಅಂತೀರಿ. ಅಜ್ಜಿ ಮನ ನಾಡಹೆಂಚಿಂದು, ಸಂದಿಗೊಂದಿಲೆಲ್ಲ ಗಾಳಿ ಆಡೋದು. ಈಗ ಕೊಳ್ಳೇಗಾಲ, ಹನೂರು, ಯಳಂದೂರು ಎಲ್ಲ ಕಡೆನೂ ತಾರಸಿ ಮನ, ಗಾಜಿನ ಕಿಟಕಿ. ಬಾಣಂತಿಗ ಗಾಳಿ ಬಡೀಬಾರ್ದು ಅಂತ ಬಾಗ್ಲ ಸಂದಿಗ ಬಟ್ಟೆ ಬ್ಯಾರೆ ತುರುಕ್ತೀವಿ. ಕಿರುಚಕ ಡಬ್ಬಿನೂ ಇಲ್ಲ.

ಬೆಚ್ಚಗಿರಕ ಅಲ್ಲಿ ಫರ್ನೇಸ್ ಸಾಕು. ಬಿಸ್ಲು ಸಾಲ್ದು ಅಂತ, ಎದೆಹಾಲು ಕುಡಿಯೊ ಮಗುಗ ದಿನಾ 400 ಯೂನಿಟ್ ವಿಟಮಿನ್ ಡಿ ಹನಿ ಹಾಕಕ ಹೇಳ್ತಾರ, ಅದ ತಪ್ಪುಸ್ಬ್ಯಾಡಿ. ಆದ್ರ ಕೆಂಡದ ಮುಂದ ಪಕ್ಕದ್ಮನೆ ಅಕ್ಕ ಬಂದು ಕುಂತು, ಬಾಣಂತಿ ತಲೆ ಆರಿಸ್ತಾ ಊರ ಸುದ್ದಿಯೆಲ್ಲ ಹೇಳೋಳಲ್ಲ, ಅದ ಯಾವ ಫರ್ನೇಸೂ ಮಾಡಲ್ಲ. ಮಗಳು ಸೊರಗಿದ್ದು ಅದಿಲ್ದೆ.

ಇನ್ನೊಂದ್ ಚಳಿಗಾಲ ಬತ್ತಾ ಅದ. ನಮಗ ಸಂಜೆ ಆರೂವರೆ ಅಂದ್ರ ಅವಳಿಗ ಬೆಳಗ್ಗ ಎಂಟು. ದೀಪ ಹಚ್ಚಿದ್ ಮ್ಯಾಲ ದಿನಕ್ಕೊಬ್ಬರು ಅವ್ಳಿಗ ವಿಡಿಯೊ ಕಾಲ್ ಮಾಡಿ ಕನ್ರಕ್ಕ.