ಬೆಲೆ ಕೇಳದ ಮಾಯೆ

"ಏನೋ ಒಂದು ಓದ್ತಾರಲ್ಲ, ಅಷ್ಟೇ ಸಂತೋಷ." ಹದಿನಾಲ್ಕು ಹದಿನೈದರ ಮಕ್ಕಳು ಡ್ರ್ಯಾಗನ್ನು, ವ್ಯಾಂಪೈರುಗಳ ದಪ್ಪದಪ್ಪ ಇಂಗ್ಲಿಷ್ ಕಾದಂಬರಿಗಳಲ್ಲಿ ಮುಳುಗಿರುವುದನ್ನು ಕಂಡಾಗ ದೊಡ್ಡವರು ಆಡುವ ಮಾತಿದು. ಮೊಬೈಲು ಬಿಟ್ಟು ಪುಸ್ತಕ ಹಿಡಿದಿದ್ದಾರೆ, ಮುಂದೆ ಇವರೇ ಕಾರಂತರನ್ನೋ ಟಾಲ್‌ಸ್ಟಾಯ್‌ನನ್ನೋ ಓದುತ್ತಾರೆ, ಸದ್ಯಕ್ಕೆ ಯಾವುದಾದರೂ ಸರಿ ಎಂಬುದು ಅದರ ತಾತ್ಪರ್ಯ. ಕೇಳಲು ಉದಾರವಾಗಿರುವ ಈ ಮಾತು ನನಗೆ ತಿರಸ್ಕಾರಕ್ಕಿಂತ ಹೆಚ್ಚು ಬೇಸರ ತರಿಸುತ್ತದೆ. ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಕಿತ್ತುಕೊಳ್ಳುವವರು ಅದಕ್ಕೊಂದು ಶಕ್ತಿಯಿದೆ ಎಂದಾದರೂ ನಂಬಿರುತ್ತಾರೆ. "ಏನೋ ಒಂದು" ಎನ್ನುವವರಿಗೆ ಆ ಪುಸ್ತಕವೂ ಬೇಕಿಲ್ಲ, ಅದನ್ನು ರಾತ್ರಿ ಎರಡು ಗಂಟೆಯವರೆಗೆ ಬಿಡದೆ ಓದಿದ ಹುಡುಗಿಯ ಮನಸ್ಸಿನಲ್ಲಿ ಏನು ನಡೆಯಿತು ಎಂಬುದೂ ಬೇಕಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹರೆಯದವರಿಗೆಂದು ಬರೆದ ಫ್ಯಾಂಟಸಿಗೆ, ಪ್ರೇಮ ಕಾದಂಬರಿಗೆ ರಿಯಾಯಿತಿ ಬೇಡ, ವಿಮರ್ಶೆ ಬೇಕು. ಅದೂ ದೊಡ್ಡವರ ಕಾದಂಬರಿಗೆ ಮಾಡುವಷ್ಟೇ ನಿಷ್ಠುರವಾದ ವಿಮರ್ಶೆ. ಇಂಥ ಪುಸ್ತಕಗಳನ್ನು ಈಗಲೂ ಆಸೆಯಿಂದ ಓದುವ ನಾನು ಪ್ರತಿ ಸಲವೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಕಥೆಯೊಳಗಿನ ಮಾಯೆಗೆ, ಪ್ರೀತಿಗೆ ಯಾರಾದರೂ ಬೆಲೆ ತೆರುತ್ತಾರೆಯೇ? ತೆರುವುದಾದರೆ ಲೇಖಕರು ಅದನ್ನು ನಮ್ಮ ಕಣ್ಣಿಗೆ ಕಾಣುವಂತೆ ಇಡುತ್ತಾರೆಯೇ, ಅಥವಾ ಕೊನೆಯ ಅಧ್ಯಾಯದಲ್ಲಿ ಸದ್ದಿಲ್ಲದೆ ಮನ್ನಾ ಮಾಡಿಬಿಡುತ್ತಾರೆಯೇ?

ಇವೆಲ್ಲ ಪಲಾಯನ, ಕಾಲಹರಣ ಎನ್ನುವವರು ನಮ್ಮ ಪುರಾಣಗಳನ್ನೂ ಜನಪದ ಕಥೆಗಳನ್ನೂ ಅದೇ ಮಾತಿನಿಂದ ತಳ್ಳಿಹಾಕಲು ಸಿದ್ಧರಿದ್ದರೆ ಆಗ ಅವರೊಡನೆ ವಾದಕ್ಕೆ ಕೂರಬಹುದು.

ಗೌರವದಿಂದ ಎದುರುಗೊಳ್ಳಬೇಕಾದ ಆಕ್ಷೇಪ ಬೇರೆಯದು. 2014ರಲ್ಲಿ ಅಮೆರಿಕದ ರೂತ್ ಗ್ರಹಾಂ ಸ್ಲೇಟ್ ಪತ್ರಿಕೆಯಲ್ಲಿ ಬರೆದ ಲೇಖನವೊಂದು ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಹದಿಹರೆಯದವರ ಕಾದಂಬರಿಗಳನ್ನು ಓದುವ ವಯಸ್ಕರು ನಾಚಿಕೊಳ್ಳಬೇಕು ಎಂದು ಆಕೆ ವಾದಿಸಿದ್ದರು. ಅದಕ್ಕೆ ಎರಡು ವರ್ಷ ಹಿಂದೆ ಬೌಕರ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಈ ಬಗೆಯ ಪುಸ್ತಕ ಕೊಳ್ಳುವವರಲ್ಲಿ ಶೇ. 55ರಷ್ಟು ಮಂದಿ 18 ದಾಟಿದವರು ಎಂದು ಕಂಡುಬಂದಿತ್ತು. ಅಂದರೆ ಗ್ರಹಾಂ ಮಾತಾಡಿದ್ದು ನನ್ನಂಥವರನ್ನು ಕುರಿತೇ. ಅವರ ವಾದದ ತಿರುಳು ನನಗೆ ಒಪ್ಪಿಗೆ: ಹರೆಯದ ಕಾದಂಬರಿ ಓದುಗರನ್ನು ತೃಪ್ತಿಪಡಿಸಿ ಕಳಿಸುತ್ತದೆ, ಅಳಿಸಬಹುದು, ನಗಿಸಬಹುದು, ಆದರೆ ಗೊಂದಲದಲ್ಲಿ ಬಿಡುವುದಿಲ್ಲ. ಕಥೆ ಹೇಳುವ ಹದಿನೇಳರ ಹುಡುಗಿಯ ದೃಷ್ಟಿಯನ್ನು ಪ್ರಶ್ನಿಸುವ ಇನ್ನೊಂದು ದೃಷ್ಟಿ ಪುಸ್ತಕದೊಳಗೆ ಇರುವುದಿಲ್ಲ. ಸರಿ. ಆದರೆ ಇದು ಆ ಬಗೆಯ ಕೆಟ್ಟ ಪುಸ್ತಕಗಳ ಸರಿಯಾದ ವರ್ಣನೆಯೇ ಹೊರತು ಆ ಬಗೆಯ ಹಣೆಬರಹವಲ್ಲ. ಒಳ್ಳೆಯ ಪುಸ್ತಕಗಳು ಯಾವುವು, ಕೆಟ್ಟವು ಯಾವುವು ಎಂದು ಬೇರ್ಪಡಿಸದೆ ನಾಚಿಕೆಯನ್ನಷ್ಟೇ ಹಂಚಿದರೆ ಪ್ರಯೋಜನವಿಲ್ಲ.

ಬೇರ್ಪಡಿಸುವುದು ಹೇಗೆಂಬುದಕ್ಕೆ ನಾನು ನಮ್ಮದೇ ಕಥೆಯೊಂದರಿಂದ ಹೊರಡುತ್ತೇನೆ. ಎ.ಕೆ. ರಾಮಾನುಜನ್ ಸಂಗ್ರಹಿಸಿ, ಇಂಗ್ಲಿಷಿಗೂ ಕೊಂಡೊಯ್ದ "ಹೂವಾದ ಹುಡುಗಿ" ಎಲ್ಲ ಅರ್ಥದಲ್ಲೂ ಒಂದು ಫ್ಯಾಂಟಸಿ, ಒಂದು ಪ್ರೇಮಕಥೆ, ಹರೆಯದ ಹುಡುಗಿಯ ಕಥೆ. ಬಡವಿಯ ಮಗಳು ತಾಯಿಗೆ ನೆರವಾಗಲೆಂದು ಹೂವಿನ ಮರವಾಗುತ್ತಾಳೆ. ಅದಕ್ಕೊಂದು ಕಟ್ಟುಪಾಡಿದೆ. ಉಗುರು ಸೋಕಿಸದೆ ತಂದ ಎರಡು ಬಿಂದಿಗೆ ನೀರು ಬೇಕು. ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಹೂವು ಕೀಳುವವರು ಚಿಗುರು ಮುರಿಯಬಾರದು, ಎಲೆ ಹರಿಯಬಾರದು. ರಾಜಕುಮಾರ ಅದನ್ನು ಮರೆಯಲ್ಲಿ ನಿಂತು ನೋಡುತ್ತಾನೆ, ಆಸೆಪಟ್ಟು ಮದುವೆಯಾಗುತ್ತಾನೆ, ರಾತ್ರಿ ರಾತ್ರಿಯೂ ಮರವಾಗು ಎಂದು ಕೇಳುತ್ತಾನೆ. ಆ ಹೂಗಳ ಮೇಲೆ ಇಬ್ಬರೂ ಮಲಗುತ್ತಾರೆ. ಈ ಘಟ್ಟದಲ್ಲಿ ಕಥೆ ಎಷ್ಟು ಸೂಕ್ಷ್ಮ ನೋಡಿ: ಅವನು ದುಷ್ಟನಲ್ಲ, ಅವಳನ್ನು ಪ್ರೀತಿಸುತ್ತಾನೆ, ಆದರೆ ಅವನ ಪ್ರೀತಿಗೆ ಅವಳ ಮಾಯೆ ಬೇಕು, ಅದರ ಕಟ್ಟುಪಾಡಿನ ಹೊಣೆ ಪೂರ್ತಿ ಅವಳದು. ಅದರ ಫಲ ಅವನ ತಂಗಿಯ ಕೈಯಲ್ಲಿ ಕಾಣಿಸುತ್ತದೆ. ಆಕೆ ಅತ್ತಿಗೆಯನ್ನು ತೋಟಕ್ಕೆ ಕರೆದೊಯ್ದು, ಗೆಳತಿಯರ ಮುಂದೆ ಮರವಾಗಿಸಿ, ಎಲ್ಲರೂ ಸೇರಿ ಕೊಂಬೆ ಮುರಿದು ಹೂವು ಕಿತ್ತು, ಎರಡನೆಯ ಬಿಂದಿಗೆ ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಮೊಂಡು ದೇಹವಾಗಿ ಉಳಿಯುತ್ತಾಳೆ. ಗಂಡ ಬೈರಾಗಿಯಂತೆ ಅಲೆದು, ಕೊನೆಗೆ ಅವಳನ್ನು ಕಂಡು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿ, ತಾನೇ ನೀರು ಸುರಿಯಬೇಕು. ಕಥೆ ಸುಖಾಂತವೇ. ಆದರೆ ಆ ಸುಖ ಬಿಟ್ಟಿಯದಲ್ಲ. ರಾತ್ರಿಗಳ ಹೂವಿಗೆ ಏನು ಲೆಕ್ಕ ಸಲ್ಲಬೇಕಿತ್ತು ಎಂಬುದು ಅವನಿಗೂ ನಮಗೂ ಗೊತ್ತಾದ ಮೇಲೆಯೇ ಸಿಕ್ಕಿದ್ದು.

ಈ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಟೆಫನಿ ಮೇಯರ್ ಅವರ "ಟ್ವೈಲೈಟ್" ಸರಣಿಯನ್ನು ಓದಿ. 2005ರಿಂದ 2008ರವರೆಗೆ ಬಂದ ನಾಲ್ಕು ಪುಸ್ತಕಗಳು. ಹದಿನೇಳರ ಬೆಲ್ಲಾ, 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯುತ್ತಿದ್ದಾಗ ವ್ಯಾಂಪೈರನಾಗಿ ಉಳಿದುಕೊಂಡ ಎಡ್ವರ್ಡ್. ನಗುವುದು ಸುಲಭ, ಆ ನಗುವಿನಲ್ಲಿ ನಾನು ಸೇರುವುದಿಲ್ಲ. ಎರಡನೆಯ ಪುಸ್ತಕದಲ್ಲಿ ಎಡ್ವರ್ಡ್ ಬಿಟ್ಟುಹೋದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಎಂದು ತಿಂಗಳ ಹೆಸರಷ್ಟೇ ಇರುವ ಖಾಲಿ ಪುಟಗಳು ಬರುತ್ತವೆ. ಹದಿಹರೆಯದ ದುಃಖದಲ್ಲಿ ಕಾಲ ಹೇಗೆ ಸತ್ತುಹೋಗುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಇನ್ನೆಲ್ಲೂ ಓದಿಲ್ಲ. ಅಷ್ಟು ಶಕ್ತಿಯಿರುವ ಲೇಖಕಿ ಎಂಬುದರಿಂದಲೇ ನಾಲ್ಕನೆಯ ಪುಸ್ತಕದ ಮೇಲೆ ನನಗೆ ಸಿಟ್ಟು.

ಮೂರು ಪುಸ್ತಕಗಳುದ್ದಕ್ಕೂ ಮೇಯರ್ ಒಂದು ಮಾತು ಕೊಟ್ಟಿದ್ದರು. ವ್ಯಾಂಪೈರಳಾದರೆ ಬೆಲ್ಲಾ ಮೊದಲ ವರ್ಷಗಳಲ್ಲಿ ರಕ್ತದಾಹದ ಹುಚ್ಚಿನಲ್ಲಿ ಮನುಷ್ಯರನ್ನು ಕೊಲ್ಲಬಹುದು, ತಂದೆತಾಯಿಯನ್ನು ಶಾಶ್ವತವಾಗಿ ಬಿಡಬೇಕಾಗುತ್ತದೆ, ತಾಯಾಗುವ ಅವಕಾಶ ಹೋಗುತ್ತದೆ. ಅದಕ್ಕಾಗಿಯೇ ಎಡ್ವರ್ಡ್ ಹಿಂಜರಿಯುತ್ತಾನೆ, ಅದೇ ಈ ಪ್ರೇಮದ ಗಾಂಭೀರ್ಯ. ಕೊನೆಗೆ ಆಗುವುದೇನು? ವ್ಯಾಂಪೈರಳಾದ ಕ್ಷಣದಿಂದಲೇ ಬೆಲ್ಲಾಳಿಗೆ ಅಪಾರ ಸಂಯಮ. ತಂದೆಯೂ ಉಳಿಯುತ್ತಾನೆ, ಮಗಳೂ ಹುಟ್ಟುತ್ತಾಳೆ, ಬೆಲ್ಲಾಳನ್ನು ಪ್ರೀತಿಸಿ ನೊಂದಿದ್ದ ಜೇಕಬ್‌ಗೆ ಆ ಎಳೆಗೂಸಿನೊಂದಿಗೇ ವಿಧಿಯ ಗಂಟು ಬೀಳುತ್ತದೆ. ಯುದ್ಧಕ್ಕೆಂದು ಬಂದ ಶತ್ರುಗಳು ಮಾತಾಡಿ ಹಿಂದಿರುಗುತ್ತಾರೆ. ತೆರಬೇಕಾದದ್ದನ್ನೆಲ್ಲ ಲೇಖಕಿಯೇ ಮನ್ನಾ ಮಾಡಿಬಿಟ್ಟರು. ನಿದ್ರಿಸುವ ಹುಡುಗಿಯ ಕೋಣೆಗೆ ರಾತ್ರಿಹೊತ್ತು ಅವಳಿಗೆ ಗೊತ್ತಿಲ್ಲದೆ ಬಂದು ನೋಡುತ್ತಾ ನಿಲ್ಲುವ ಗಂಡಸನ್ನು ಮೊದಲ ಪುಸ್ತಕ ಪ್ರೇಮಿ ಎಂದು ಪರಿಚಯಿಸಿತ್ತು. ಅದರ ಲೆಕ್ಕವನ್ನಂತೂ ಯಾವ ಪುಸ್ತಕವೂ ತೆಗೆಯಲೇ ಇಲ್ಲ. ಮರೆಯಲ್ಲಿ ನಿಂತು ನೋಡಿದ ರಾಜಕುಮಾರನನ್ನು ನಮ್ಮ ಜನಪದ ಕಥೆ ಬೈರಾಗಿಯಾಗಿ ಅಲೆಸಿತು.

ಸಾರಾ ಜೆ. ಮಾಸ್ ಅವರ ಯಕ್ಷಲೋಕದ ಸರಣಿಯಲ್ಲೂ ಇದೇ ತೊಡಕು. 2015ರ ಮೊದಲ ಪುಸ್ತಕದ ನಾಯಕ ಟ್ಯಾಮ್‌ಲಿನ್, ಮರುವರ್ಷದ ಎರಡನೆಯದರಲ್ಲಿ ಪ್ರೀತಿಯ ಹೆಸರಿನಲ್ಲೇ ನಾಯಕಿ ಫೇರಾಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ, ಅವಳು ಅವನನ್ನು ಬಿಟ್ಟು ಹೊರಡುತ್ತಾಳೆ. ಹಿಂದಿನ ಪುಸ್ತಕದ ಮೋಹವನ್ನು ಮುಂದಿನ ಪುಸ್ತಕ ಪ್ರಶ್ನಿಸುವ ಧೈರ್ಯ ಅದು, ಮೆಚ್ಚಲೇಬೇಕು. ಆದರೆ ಮೊದಲ ಪುಸ್ತಕದಲ್ಲಿ ಫೇರಾ ಸಾಯುತ್ತಾಳೆ, ಯಕ್ಷಪ್ರಭುಗಳು ಬದುಕಿಸುತ್ತಾರೆ. ಮೂರನೆಯದರಲ್ಲಿ ಅವಳ ಹೊಸ ಪ್ರಿಯಕರ ಸಾಯುತ್ತಾನೆ, ಅದೇ ರೀತಿ ಬದುಕುತ್ತಾನೆ. ಸಾವನ್ನೇ ವಾಪಸು ಪಡೆಯಬಹುದಾದ ಲೋಕದಲ್ಲಿ ತ್ಯಾಗಕ್ಕೆ ಅರ್ಥ ಉಳಿಯುವುದು ಹೇಗೆ?

ಸುಜಾನ್ ಕಾಲಿನ್ಸ್ ಅವರ "ಹಂಗರ್ ಗೇಮ್ಸ್" ಸರಣಿ (2008ರಿಂದ) ಇವೆರಡಕ್ಕಿಂತ ದೊಡ್ಡ ಕೃತಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುವುದು ಈ ಕಾರಣಕ್ಕೇ. ಅಲ್ಲಿ ಬೆಲೆ ಮೊದಲ ಅಧ್ಯಾಯದಲ್ಲೇ ಅಂಕಿಯಲ್ಲಿದೆ. ಹಸಿದ ಮನೆಯ ಮಗು ಒಬ್ಬರಿಗೆ ವರ್ಷಕ್ಕಾಗುವಷ್ಟು ಅರೆಬರೆ ಧಾನ್ಯ, ಎಣ್ಣೆ ಪಡೆಯಬೇಕಾದರೆ ಸಾವಿನ ಲಾಟರಿಯಲ್ಲಿ ತನ್ನ ಹೆಸರನ್ನು ಇನ್ನೊಂದು ಸಲ ಹಾಕಿಸಬೇಕು. ಹದಿನಾರರ ನಾಯಕಿ ಕ್ಯಾಟ್ನಿಸ್‌ಳ ಹೆಸರು 20 ಸಲ, ಅವಳ ಗೆಳೆಯ, ಹದಿನೆಂಟರ ಗೇಲ್‌ನದು 42 ಸಲ. ಬಡತನವೆಂದರೇನು ಎಂದು ಯಾವ ಪಾಠವೂ ಹೇಳದಷ್ಟು ಸ್ಪಷ್ಟವಾಗಿ ಇದು ಹೇಳುತ್ತದೆ. ಕ್ಯಾಟ್ನಿಸ್‌ಳ ಮನಸ್ಸು ಗೆಲ್ಲುವವನು ಪೀಟಾನೋ ಗೇಲೋ ಎಂದು ಓದುಗರು ಪಕ್ಷ ಕಟ್ಟಿಕೊಂಡು ಜಗಳವಾಡಿದರು. ಕಾಲಿನ್ಸ್ ಆ ಪ್ರಶ್ನೆಯನ್ನು ಬಗೆಹರಿಸಿದ ರೀತಿ ಮಾತ್ರ ಯಾರೂ ನಿರೀಕ್ಷಿಸದ್ದು. ಮೊದಲ ಬಾಂಬಿಗೆ ಗಾಯಗೊಂಡವರನ್ನು ಉಳಿಸಲು ಓಡಿಬರುವವರನ್ನು ಎರಡನೆಯ ಬಾಂಬಿನಿಂದ ಕೊಲ್ಲುವ ಯುದ್ಧತಂತ್ರವನ್ನು ರೂಪಿಸಿದವರಲ್ಲಿ ಗೇಲ್ ಒಬ್ಬ. ಅಂಥದೇ ಬಾಂಬಿಗೆ ಕ್ಯಾಟ್ನಿಸ್‌ಳ ತಂಗಿ ಪ್ರಿಮ್ ಬಲಿಯಾಗುತ್ತಾಳೆ. ಅದು ಅವನು ರೂಪಿಸಿದ್ದೋ ಅಲ್ಲವೋ ಎಂಬುದು ಅವನಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯಲ್ಲಿ ಅವರ ಪ್ರೀತಿ ಮುಗಿಯುತ್ತದೆ. ಹರೆಯದ ಕಾದಂಬರಿ ಗೊಂದಲದಲ್ಲಿ ಬಿಡುವುದಿಲ್ಲ ಎಂದ ಗ್ರಹಾಂ ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ, ನನ್ನನ್ನು ಬಹಳ ಕಾಡಿದ ಆಕ್ಷೇಪ. ಬೆಲೆ, ಬೆಲೆ ಎನ್ನುತ್ತೀರಿ. ತೆತ್ತವರು ಯಾವಾಗಲೂ ಹೆಣ್ಣುಮಕ್ಕಳೇ ಅಲ್ಲವೇ? ಆಸೆಪಟ್ಟ ಹುಡುಗಿಗೆ ಕೊನೆಯಲ್ಲಿ ಶಿಕ್ಷೆ ಕೊಟ್ಟು ನೀತಿ ಹೇಳುವ ಕಥೆಗಳು ಬೇಕಾದಷ್ಟಿವೆ. ಅವುಗಳಿಂದ ಬೇಸತ್ತ ಹುಡುಗಿ, ಬಯಸಿದ್ದೆಲ್ಲ ಸಿಗುವ ಬೆಲ್ಲಾಳ ಕಥೆ ಓದಿ ಖುಷಿಪಟ್ಟರೆ ತಪ್ಪೇನು?

ಬೆಲೆ ಬೇರೆ, ಶಿಕ್ಷೆ ಬೇರೆ. ಈ ವ್ಯತ್ಯಾಸ ನನಗೆ ನಿಚ್ಚಳವಾದದ್ದು ಅರ್ಸುಲಾ ಲೆ ಗ್ವಿನ್ ಅವರ "ಅರ್ತ್‌ಸೀ" ಪುಸ್ತಕಗಳಿಂದ. ಪ್ರಕಾಶಕರೊಬ್ಬರು ದೊಡ್ಡ ಮಕ್ಕಳಿಗಾಗಿ ಒಂದು ಕಾದಂಬರಿ ಬೇಕು ಎಂದು ಕೇಳಿದ್ದರಿಂದ 1968ರಲ್ಲಿ ಬಂದದ್ದು ಮೊದಲನೆಯದು. ಅದರಲ್ಲಿ ಜಂಭಕ್ಕೆ ಸತ್ತವರ ಆತ್ಮವನ್ನು ಕರೆದ ಹುಡುಗ ಗೆಡ್ ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಆ ಬಾಗಿಲನ್ನು ಮುಚ್ಚುವುದರಲ್ಲಿ ಗುರುಕುಲದ ವೃದ್ಧ ಆಚಾರ್ಯ ಪ್ರಾಣ ತೆರುತ್ತಾನೆ. ಎರಡನೆಯದರ ಟೆನಾರ್, ಎಳೆವಯಸ್ಸಿನಲ್ಲೇ ಮನೆಯಿಂದ ಒಯ್ದು ಹೆಸರನ್ನೂ ಕಳೆದು ಕತ್ತಲಿನ ದೇವತೆಗಳಿಗೆ ಪೂಜಾರಿಣಿಯಾಗಿಸಿದ ಹುಡುಗಿ. ಅವಳು ಬಿಡುಗಡೆ ಹೊಂದಿದಾಗ ಸಂಭ್ರಮವಿಲ್ಲ. ಕಳೆದುಹೋದ ವರ್ಷಗಳಿಗಾಗಿ, ತನ್ನ ಅಪ್ಪಣೆಯಿಂದ ಸತ್ತ ಕೈದಿಗಳಿಗಾಗಿ ಅಳುತ್ತಾಳೆ. ಸ್ವಾತಂತ್ರ್ಯ ಭಾರವಾದದ್ದು ಎಂದು ಅವಳಿಗೆ ತಿಳಿಯುತ್ತದೆ. ಗೆಡ್ ಅವಳನ್ನು ಕೈಹಿಡಿದು ಹೊರಗೆ ತರುತ್ತಾನೆ, ಆದರೆ ಪ್ರೇಮಕಥೆ ಅಲ್ಲಿ ಶುರುವಾಗುವುದಿಲ್ಲ. ಅದಕ್ಕೆ ಓದುಗರು 1990ರವರೆಗೆ, "ತೆಹಾನು" ಬರುವವರೆಗೆ ಕಾಯಬೇಕಾಯಿತು. ಆಗ ಟೆನಾರ್ ಬೇಸಾಯ ಮಾಡಿಕೊಂಡಿರುವ ವಿಧವೆ, ಗೆಡ್ ಮಂತ್ರಶಕ್ತಿಯನ್ನೆಲ್ಲ ಕಳೆದುಕೊಂಡ ಮನುಷ್ಯ. ತಾನು ಕಟ್ಟಿದ ಮಾಂತ್ರಿಕರ ಲೋಕದಲ್ಲಿ ಹೆಂಗಸರಿಗೆ ಏಕೆ ಜಾಗವಿರಲಿಲ್ಲ ಎಂದು ಲೇಖಕಿ ತನ್ನನ್ನೇ ಕೇಳಿಕೊಂಡು ಬರೆದ ಪುಸ್ತಕವದು. ಅಲ್ಲಿ ಬೆಲೆ ತೆತ್ತವನು ಗಂಡಸು. ಶಕ್ತಿ ಹೋದ ಮೇಲೆಯೇ ಅವನಿಗೆ ಪ್ರೀತಿಸಲು ಸಾಧ್ಯವಾಗುತ್ತದೆ. ಇದನ್ನು ಶಿಕ್ಷೆ ಎನ್ನಲು ಬರುವುದಿಲ್ಲ.

ಬೆಲ್ಲಾಳ ಕಥೆ ಓದುವ ಖುಷಿಯ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಜಾನಿಸ್ ರಾಡ್‌ವೇ 1984ರಲ್ಲಿ ಅಮೆರಿಕದ ಊರೊಂದರ ರೊಮಾನ್ಸ್ ಓದುಗಿಯರನ್ನು ಮಾತಾಡಿಸಿ ಬರೆದ ಅಧ್ಯಯನದಲ್ಲಿ, ಓದುವ ಹೊತ್ತು ಮನೆಗೆಲಸದ ನಡುವೆ ತನಗಾಗಿ ಕಸಿದುಕೊಂಡ ಹೊತ್ತು ಎಂದು ಆ ಹೆಂಗಸರು ಹೇಳಿದ್ದು ಪ್ರಸಿದ್ಧವಾಗಿದೆ. ನನಗೆ ಮುಖ್ಯವೆನಿಸಿದ್ದು ಅಷ್ಟಾಗಿ ಎತ್ತಿ ಹೇಳದ ಸಂಗತಿ. ಅವರು ಒಳ್ಳೆಯ ರೊಮಾನ್ಸ್ ಯಾವುದು, ಕೆಟ್ಟದ್ದು ಯಾವುದು ಎಂದು ಖಂಡಿತವಾಗಿ ವಿಂಗಡಿಸುತ್ತಿದ್ದರು. ನಾಯಕ ಕ್ರೂರಿಯಾಗಿದ್ದರೆ ಪುಸ್ತಕವನ್ನು ತಳ್ಳಿಹಾಕುತ್ತಿದ್ದರು. ವಿಮರ್ಶಕರು ಮಾಡದ ಕೆಲಸವನ್ನು ಓದುಗಿಯರು ಮಾಡಿಕೊಂಡಿದ್ದರು.

ಕನ್ನಡದಲ್ಲೂ ಹಾಗೆಯೇ ಆಯಿತು. ಲೇಖಕಿಯರ ಕಾದಂಬರಿಗಳಿಗೆ ಅಡುಗೆಮನೆ ಸಾಹಿತ್ಯವೆಂದು ಹೆಸರಿಟ್ಟು ಪಕ್ಕಕ್ಕಿಟ್ಟ ಕಾಲದಲ್ಲಿ, 1963ರಲ್ಲೇ ತೀರಿಕೊಂಡ ತ್ರಿವೇಣಿಯವರ "ಶರಪಂಜರ"ವನ್ನು ಓದಿ ಅದರ ನಾಯಕಿ ಕಾವೇರಿಯ ಪರವಾಗಿ ವಾದಿಸಿದವರು ಕಾಲೇಜಿನ ಹುಡುಗಿಯರು, ಅವರ ತಾಯಂದಿರು. ಚೆಂದದ ಪ್ರೇಮದಿಂದ ಶುರುವಾಗುವ ಕಥೆ ಅದು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡನೂ ಮನೆಯೂ ಮತ್ತೆ ಆಸ್ಪತ್ರೆಗೇ ದೂಡುವಲ್ಲಿ ಮುಗಿಯುತ್ತದೆ. ಓದುಗಿಯರಿಗೆ ಇದು ಅರ್ಥವಾಗುತ್ತದೆ ಎಂದು ತ್ರಿವೇಣಿ ನಂಬಿದ್ದರು. ಇಂದು ಹದಿನಾಲ್ಕರ ಕನ್ನಡ ಓದುಗರಿಗಾಗಿಯೇ ಬರೆದ ಕಾದಂಬರಿಗಳು ಬೆರಳೆಣಿಕೆಯಷ್ಟಿವೆ. ಅವು ಬಂದಾಗಲೂ ನಮ್ಮ ಪತ್ರಿಕೆಗಳ ಪುಸ್ತಕ ಪುಟದಲ್ಲಿ ಎರಡು ಸಾಲಿನ ಶಹಭಾಸ್‌ಗಿರಿ ಸಿಗುತ್ತದೆ, ವಿಮರ್ಶೆ ಸಿಗುವುದಿಲ್ಲ. ಆ ವಯಸ್ಸಿನವರು ನಿಷ್ಠುರವಾದ ಓದನ್ನು ತಡೆದುಕೊಳ್ಳಲಾರರು ಎಂಬ ಭಯ ಅದರ ಹಿಂದಿರಬಹುದು.

ಆ ಭಯಕ್ಕೆ ಆಧಾರವಿಲ್ಲ ಎಂಬುದಕ್ಕೆ ಕಾಲಿನ್ಸ್ ಅವರೇ 2020ರಲ್ಲಿ ಬರೆದ, ಹಂಗರ್ ಗೇಮ್ಸ್‌ಗೂ ಹಿಂದಿನ ಕಾಲದ ಕಾದಂಬರಿಯನ್ನು ನೋಡಬಹುದು. ಮುಂದೆ ಸರ್ವಾಧಿಕಾರಿಯಾಗುವ ಸ್ನೋ ಅಲ್ಲಿ ಹದಿನೆಂಟರ ಚೆಲುವ, ಬಡತನ ಮುಚ್ಚಿಟ್ಟುಕೊಂಡ ಮನೆಯ ಹುಡುಗ. ಸಾವಿನ ಕಣಕ್ಕೆ ಬಂದ ಹಾಡುಗಾರ್ತಿ ಲೂಸಿ ಗ್ರೇಯನ್ನು ಉಳಿಸುತ್ತಾನೆ, ಅವಳಿಗಾಗಿ ಹಂಬಲಿಸುತ್ತಾನೆ. ಇಡೀ ಕಥೆ ಅವನ ಮನಸ್ಸಿನೊಳಗಿಂದಲೇ ನಡೆಯುತ್ತದೆ; ಅವನನ್ನು ತಿದ್ದುವ ಬೇರೆ ದನಿ ಇಲ್ಲ. ಅವಳು ತನ್ನವಳು, ತನಗೇ ಸೇರಿದವಳು ಎಂದು ಅವನು ಅಂದುಕೊಳ್ಳುವಾಗಲೆಲ್ಲ ಅದು ಪ್ರೇಮಕಾದಂಬರಿಯ ಪರಿಚಿತ ಭಾಷೆಯಂತೆಯೇ ಕೇಳಿಸುತ್ತದೆ. ಕೊನೆಯಲ್ಲಿ ಕಾಡಿನೊಳಗೆ ಬಂದೂಕು ಹಿಡಿದು ಅವಳನ್ನು ಬೆನ್ನಟ್ಟುವಾಗಲೂ ಅವನ ಪ್ರಕಾರ ಮೋಸಹೋದವನು ತಾನೇ. ಅವನನ್ನು ನಂಬಿದ್ದು ಯಾವ ಪುಟದವರೆಗೆ, ಯಾಕೆ ಎಂಬುದನ್ನು ಪುಸ್ತಕ ಹೇಳಿಕೊಡುವುದಿಲ್ಲ. ಓದಿದ ಹುಡುಗಿಯೂ ಹುಡುಗನೂ ಹಿಂದಕ್ಕೆ ಹೋಗಿ ತಾವೇ ಹುಡುಕಿಕೊಳ್ಳಬೇಕು.