ತೋಟದ ಮೋಟ್ರಿಗೆ ಕ್ಯಾಮೆರಾ: ವಿಡಿಯೋ ಯಾಕೆ, ಫೋಟೋ ಸಾಕು

ಹೋದ ವಾರ ಹಾಕಿದ ಫೋಟೋ ನೋಡಿ ಸುಮಾರು ಜನ ಫೋನ್ ಮಾಡಿದ್ರಿ, "ಸಿಸಿಟಿವಿ ಹಾಕ್ಸಿದ್ಯೇನೋ ಮಾರಾಯ" ಅಂತ. ಸಿಸಿಟಿವಿ ಅಲ್ಲ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಷ್ಟು ಕಂಪ್ಯೂಟರ್, ಅದಕ್ಕೆ ಕೊರೋನಾ ಟೈಮಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ತಂದಿದ್ದ ಹಳೇ ಯುಎಸ್‌ಬಿ ವೆಬ್‌ಕ್ಯಾಮ್. ಕೂರಿಸಿಕೊಟ್ಟಿದ್ದು ತಂಗಿ ಮಗ.

ಮೋಟ್ರು ಓಡ್ತಿದೆ ಅಂತ ಮೊಬೈಲ್ ಸ್ಟಾರ್ಟರ್ ಹೇಳುತ್ತೆ. ತೊಟ್ಟಿಗೆ ನೀರು ಬೀಳ್ತಿದ್ಯಾ ಅಂತ ಹೇಳಲ್ಲ. ಹೋದ ಬೇಸಿಗೇಲಿ ಪೈಪಿನ ಜಾಯಿಂಟ್ ಬಿಟ್ಟು ರಾತ್ರಿಯಿಡೀ ನೀರು ಹಳ್ಳಕ್ಕೆ ಹರೀತು. ನಾನು ಮೆಸೇಜ್ ನೋಡಿ ನೆಮ್ಮದಿಯಾಗಿ ಮಲಗಿದ್ದೆ. ಬೋರಲ್ಲಿ ಇರೋದೇ ಅಷ್ಟು ನೀರು, ಅಡಿಕೆ ಸಸಿ ಬಾಡಿದ್ವು.

ಈಗ ಕ್ಯಾಮೆರಾ ಪೈಪಿನ ಬಾಯಿಗೇ ಮುಖ ಮಾಡಿದೆ. ಹತ್ತು ನಿಮಿಷಕ್ಕೊಂದು ಫೋಟೋ ಟೆಲಿಗ್ರಾಂಗೆ ಬರುತ್ತೆ. ಲೈವ್ ವಿಡಿಯೋನೇ ಬೇಕು ಅನ್ನೋರಿಗೆ ನನ್ನ ಮಾತು: ನಮ್ಮ ತೋಟದ ನೆಟ್‌ವರ್ಕಿಗೆ ವಿಡಿಯೋ ಎಳೆಯೋ ತಾಕತ್ತಿಲ್ಲ, ಡಾಟಾನೂ ದಂಡ. ಸಣ್ಣ ಫೋಟೋ ಆದ್ರೆ ಒಂದು ಕಡ್ಡಿ ಸಿಗ್ನಲ್ಲಲ್ಲೂ ಹೇಗೋ ಬಂದು ಬೀಳುತ್ತೆ.

ವೆಬ್‌ಕ್ಯಾಮ್ ಹುಟ್ಟಿದ್ದೂ ಇಂಥದ್ದಕ್ಕೇ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಯೂನಿವರ್ಸಿಟಿಯವರು ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ಟಿದ್ರಂತೆ. ಕಾಫಿ ಖಾಲಿ ಇದ್ರೆ ಸುಮ್ನೆ ಎದ್ದು ಹೋಗೋದು ತಪ್ಪಲಿ ಅಂತ! ಈ ಪೈ ಕೂಡ ಅದೇ ಊರಿಂದ 2012ರಲ್ಲಿ ಬಂದಿದ್ದು.

ಕ್ಯಾಮೆರಾ ಚುಚ್ಚಿ 'ಎಲ್‌ಎಸ್‌ಯುಎಸ್‌ಬಿ' ಅಂತ ಹೊಡೆದ್ರೆ ಅದರ ಹೆಸರು ಕಾಣ್ಬೇಕು. ಆಮೇಲೆ 'ಎಫ್‌ಎಸ್‌ವೆಬ್‌ಕ್ಯಾಮ್' ಅನ್ನೋ ಪ್ರೋಗ್ರಾಂ ಫೋಟೋ ತೆಗೆಯುತ್ತೆ, ಹತ್ತು ನಿಮಿಷದ ಲೆಕ್ಕ 'ಕ್ರಾನ್' ನೋಡ್ಕೊಳ್ಳುತ್ತೆ. ಮೊದಲೆರಡು ದಿನ ಫೋಟೋ ಬರೀ ಕಪ್ಪು. ಕಣ್ಣು ಬೆಳಕಿಗೆ ಹೊಂದ್ಕೊಳ್ಳೋಕೆ ಮುಂಚೆನೇ ತೆಗೀತಿತ್ತು. ಮೊದಲ ಇಪ್ಪತ್ತು ಫ್ರೇಮ್ ಬಿಡು ಅಂತ ಹೇಳಿದ ಮೇಲೆ ಸರಿಯಾಯ್ತು. ರಾತ್ರಿಗೆ ತೊಟ್ಟಿ ಮೇಲೆ ಒಂದು ಎಲ್‌ಇಡಿ ಬಲ್ಬ್ ಬೇಕೇ ಬೇಕು, ವೆಬ್‌ಕ್ಯಾಮಿಗೆ ಕತ್ತಲಲ್ಲಿ ಏನೂ ಕಾಣಲ್ಲ.

ಕೈ ಕೊಟ್ಟಿದ್ದು ಚಾರ್ಜರ್. ಹಳೇ ಮೊಬೈಲ್ ಚಾರ್ಜರ್ ಹಾಕಿದ್ದೆ, ಕ್ಯಾಮೆರಾ ಆಗಾಗ ಕಾಣೆಯಾಗ್ತಿತ್ತು. 5 ವೋಲ್ಟ್, 3 ಆಂಪಿಯರ್‌ದು ಹಾಕಿದ ಮೇಲೆ ನಿಂತಿತು. ಇನ್ನು ನಮ್ಮ ಕರೆಂಟ್ ಗೊತ್ತಲ್ಲ, ಪಟ್ ಅಂತ ಹೋದ್ರೆ ಒಳಗಿನ ಮೆಮೊರಿ ಕಾರ್ಡ್ ಕೆಡುತ್ತೆ. ನಂದು ಒಂದು ಸಲ ಕೆಟ್ಟಾಯ್ತು. ಸಣ್ಣ ಯುಪಿಎಸ್ ಇಲ್ದೆ ಹಾಕ್ಬೇಡಿ.

ಇನ್ನೊಂದು. ಕ್ಯಾಮೆರಾನ ಕೂಲಿಗೆ ಬರೋ ಹೆಣ್ಮಕ್ಕಳು ಓಡಾಡೋ ದಾರಿಗೆ ತಿರುಗಿಸಬೇಡಿ. ಕೆಲಸದ ಮೇಲೆ ಕಣ್ಣಿಡೋಣ ಅಂತ ಒಬ್ರು ಕೇಳಿದ್ರು, ಅದಕ್ಕೆ ನಾನು ಸಹಾಯ ಮಾಡಲ್ಲ ಅಂದೆ.

ನೋಡ್ಬೇಕು ಅನ್ನೋರು ಬೆಳಿಗ್ಗೆ ಹತ್ತರೊಳಗೆ ಬನ್ನಿ, ತೋಟದಲ್ಲೇ ಇರ್ತೀನಿ.